ಹತ್ತು ಚುಕ್ಕಿ ರಂಗೋಲಿಯ ಭಾಗಾಕಾರ

ನನಗೊಂದು ಚಟವಿದೆ. ನಾಚಿಕೊಳ್ಳುವಂಥದ್ದೇನಲ್ಲ, ಆದರೆ ಹೇಳಿದರೆ ಜನ ನನ್ನ ವಯಸ್ಸನ್ನು ನೆನೆದುಕೊಂಡು ಮೆಲ್ಲಗೆ ತಲೆಯಾಡಿಸುತ್ತಾರೆ. ಆಟೋ ಹತ್ತುವ ಮುಂಚೆ ಅದರ ನಂಬರನ್ನು ಮೂರರಿಂದ ಭಾಗಿಸಿ ನೋಡುತ್ತೇನೆ. ಮೂರಕ್ಕೆ ಹೋಗದಿದ್ದರೆ ಏಳಕ್ಕೆ, ಏಳಕ್ಕೂ ಹೋಗದಿದ್ದರೆ ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಆಟೋದವನಿಗೆ ತಾಳ್ಮೆ ಕೆಟ್ಟು, “ಬೇಸೋ ನೇ, ಮಾಸಿ!” ಎಂದು ಹತ್ತಿ ಕೂರಲು ಅವಸರಪಡಿಸುತ್ತಾನೆ. ಸೂರತ್ತಿನ ಅಡಾಜಣ್‌ನಲ್ಲಿ ನಾನೀಗ ಮಗಳ ಜೊತೆ ಇದ್ದೇನೆ. ಮೊಮ್ಮಗಳು ನನ್ನ ಸೆರಗು ಜಗ್ಗಿ, “ಅಜ್ಜಿ, ಚಲೋ ನಾ, ಲೆಕ್ಕ ಬಾದ್ ಮೇ ಮಾಡಿ,” ಎಂದು ತನಗೆ ಗೊತ್ತಿರುವ ಅಷ್ಟೂ ಕನ್ನಡವನ್ನು ಖರ್ಚು ಮಾಡುತ್ತಾಳೆ.

ನನ್ನನ್ನು ಗಣಿತಜ್ಞೆ ಎಂದುಕೊಂಡೀರಿ. ಮೈಸೂರಿನಲ್ಲಿ ಓದುವಾಗ ನಮ್ಮ ಲೆಕ್ಕದ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮಾದರಿ ಎಂದಲ್ಲ, ಮಧ್ಯಾಹ್ನದ ತೂಕಡಿಕೆ ಹೋಗಲಿ ಎಂದು. ಮೂರು ಜನ ಏಳು ದಿನದಲ್ಲಿ ಕಟ್ಟುವ ಗೋಡೆಯನ್ನು ನಾನು ಒಮ್ಮೆ ಎರಡೂಕಾಲು ಜನರ ಕೈಲಿ ಕಟ್ಟಿಸಿದ್ದೆ. ಅಂಥ ನನಗೆ ಈ ಚಟ ಅಂಟಿಸಿದವಳು ನನ್ನ ನಾದಿನಿ ಶಾರದೆ. ಅವಳಿಗಿಂತ ಹೆಚ್ಚಾಗಿ, ಅವಳ ಅಪ್ಪ, ನನ್ನ ಮಾವನವರು.

ಅರವತ್ತರ ದಶಕದ ನಡುವಿನ ಮಾತು. ನನ್ನ ಯಜಮಾನರಿಗೆ ಅಹಮದಾಬಾದಿನಲ್ಲಿ ಒಂದು ಸಂಶೋಧನಾಲಯದಲ್ಲಿ ಕೆಲಸ. ಆಕಾಶದಿಂದ ಬರುವ ಕಿರಣಗಳನ್ನು ಅಳೆಯುತ್ತಾರಂತೆ. ಮನೆಯಲ್ಲಿ ಎರಡು ಪಾವು ಅಕ್ಕಿ ಅಳೆಯಿರಿ ಎಂದರೆ ಮಾತ್ರ ಕೈಕಾಲು ಬಿಡುತ್ತಿದ್ದರು. ನವರಂಗಪುರದಲ್ಲಿ ಮೊದಲನೇ ಮಹಡಿಯ ಎರಡು ಕೋಣೆಯ ಮನೆ. ಮಾವನವರು ಹುಬ್ಬಳ್ಳಿಯಲ್ಲಿ ರೈಲ್ವೆಯ ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾಗಿ, ಆಗತಾನೆ ಬಿ.ಎಸ್ಸಿ. ಮುಗಿಸಿದ್ದ ಶಾರದೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನದು ಮೈಸೂರು ಕನ್ನಡ, ಅವರದು ಹುಬ್ಬಳ್ಳಿಯದು. ನಾನೂ ಮಾವನವರೂ ಬೇರೆ ಬೇರೆ ಭಾಷೆಯಲ್ಲಿ ಮಾತಾಡಿಕೊಳ್ಳುತ್ತೇವೆಂದು ಪಕ್ಕದ ಮನೆಯ ಕೋಕಿಲಾಬೆನ್ ಬಹಳ ದಿನ ನಂಬಿದ್ದರು. “ಅದು ಹೇಗೆ ಅರ್ಥವಾಗುತ್ತೆ ನಿಮಗೆ?” ಎಂದು ಅನುಕಂಪದಿಂದ ಕೇಳಿಯೂ ಇದ್ದರು.

ಶಾರದೆಗೆ ಅವಳ ಅವ್ವನಿಂದ ಬಂದ ಆಸ್ತಿಯೆಂದರೆ ಚುಕ್ಕಿ ರಂಗೋಲಿ. ಮೆಟ್ಟಿಲು ಮುಗಿಯುವಲ್ಲಿ ನಮಗಿದ್ದದ್ದು ಚಾಪೆಯಗಲದ ಜಾಗ. ಅಲ್ಲೇ ಕೂತು ಮೊದಲ ಸಾಲಿಗೆ ಒಂದು ಚುಕ್ಕಿ, ಮುಂದಿನದಕ್ಕೆ ಎರಡು, ಆಮೇಲೆ ಮೂರು, ಹೀಗೆ ಒಂಬತ್ತರವರೆಗೆ ಏರಿ, ಮತ್ತೆ ಎಂಟು, ಏಳು ಎಂದು ಒಂದಕ್ಕೆ ಇಳಿಯುತ್ತಿದ್ದಳು. ನಾವೆಲ್ಲ ಅದರಲ್ಲಿ ತಾವರೆಯನ್ನೋ ತಟ್ಟೆಯನ್ನೋ ಕಾಣುತ್ತೇವೆ. ಅವಳು ಸಂಖ್ಯೆ ಕಾಣುತ್ತಿದ್ದಳು. ಸಾಲುಗಳನ್ನು ಒಂದರ ಪಕ್ಕ ಒಂದು ಬರೆದರೆ ೧೨೩೪೫೬೭೮೯೮೭೬೫೪೩೨೧ ಆಗುತ್ತದಲ್ಲ, ಅದು ಏನೆಂದುಕೊಂಡಿರಿ? ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಅದನ್ನು ಅದರಿಂದಲೇ ಗುಣಿಸಿದರೆ ಬರುವ ಗುಣಲಬ್ಧ. ಅವಳು ಇದನ್ನು ಹೇಳಿದ ದಿನ ಮಾವನವರು ಊಟ ಬಿಟ್ಟು ಕೂತು ಗುಣಿಸಿದರು. ಸರಿ ಬಂದಾಗ, “ಎಲಾ, ನಿಮ್ಮವ್ವ ಇಷ್ಟು ವರ್ಷ ಬಾಗಲ ಮುಂದ ವರ್ಗ ಸಂಖ್ಯಾ ಹಾಕ್ತಿದ್ಲೇನ?” ಎಂದು ಗೋಡೆಯ ಮೇಲಿನ ಅತ್ತೆಯ ಪಟವನ್ನು ಹೊಸಬಳನ್ನು ನೋಡುವಂತೆ ನೋಡಿದರು.

ಅತ್ತೆ ತೀರಿಕೊಳ್ಳುವಾಗ ಮಾವನವರ ಕೈ ಹಿಡಿದು, “ಶಾರೀದು ಒಂದು ಲಗ್ನಾ ಮಾಡಿಬಿಡ್ರಿ,” ಎಂದಿದ್ದರಂತೆ. ಆ ಮಾತು ಅವರನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಆ ವರ್ಷ ದಸರೆಯ ಹೊತ್ತಿಗೆ ವಡೋದರಾದಿಂದ ಒಂದು ಸಂಬಂಧ ಬಂತು. ಕೊಯಾಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಎಂಜಿನಿಯರು, ಬಿಜಾಪುರದ ಕಡೆಯ ಮನೆತನ. ಹುಡುಗ ಪಾಪ ಒಳ್ಳೆಯವನು. ನಾನು ಬಡಿಸಿದ ಬಜ್ಜಿಯನ್ನೆಲ್ಲ ತಲೆ ತಗ್ಗಿಸಿ ತಿಂದು, ಹೋಗುವಾಗ ನನ್ನೊಬ್ಬಳಿಗೇ ನಮಸ್ಕಾರ ಮಾಡಿದ. ಅವನ ಅಪ್ಪ ಮಾತ್ರ ಚಹಾದ ಕಪ್ಪು ಕೆಳಗಿಡುವ ಮುಂಚೆಯೇ ಹೇಳಿಬಿಟ್ಟರು: “ಲಗ್ನ ಆದಮ್ಯಾಲೆ ಕಾಲೇಜು ಗೀಲೇಜು ನಮ್ಮ ಮನ್ಯಾಗ ನಡಿಯೂದಿಲ್ರಿ.” ಶಾರದೆಗೆ ಎಂ.ಎಸ್ಸಿ. ಓದಬೇಕಿತ್ತು. ಅವಳಿಗೆ ಗಣಿತ ಎಂದರೆ ನಮಗೆ ಹಸಿವು ನೀರಡಿಕೆ ಇದ್ದಂತೆ, ಅದನ್ನು ಬಿಡು ಎಂದರೆ ಎಲ್ಲಿಗೆ ಬಿಡುವುದು?

ಮಾವನವರು ದೇವರಲ್ಲಿ ಪ್ರಸಾದ ಕೇಳಲು ಕೂತರು. ನಿಮಗೆ ಗೊತ್ತಿರುವುದೇ. ಮಾರುತಿಯ ವಿಗ್ರಹದ ತಲೆಯ ಮೇಲೆ ಹೂವಿಟ್ಟು ಬೇಡಿಕೊಳ್ಳುವುದು, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಹೂ ಬಲಕ್ಕೆ ಬಿತ್ತು. ಶಾರದೆ ಮೇಲೆ ನೋಡಿ, “ಇದು ಮಾರುತಿ ಕೊಟ್ಟ ಪ್ರಸಾದ ಅಲ್ಲಪ್ಪಾ, ಫ್ಯಾನ್ ಕೊಟ್ಟದ್ದು,” ಎಂದಳು. ಸುಳ್ಳಲ್ಲ. ಆ ಮನೆಯ ಫ್ಯಾನು ಕ್ಯಾಲೆಂಡರನ್ನೂ ನನ್ನ ಸೆರಗನ್ನೂ ಬಲಕ್ಕೇ ಎಳೆಯುತ್ತಿತ್ತು. ಫ್ಯಾನ್ ಆರಿಸಿದೆವು. ಈಗ ಹೂ ಅಲ್ಲಾಡಲೇ ಇಲ್ಲ. ಅಹಮದಾಬಾದಿನ ಸೆಕೆಯಲ್ಲಿ ನಾಲ್ವರೂ ಬೆವರು ಸುರಿಸುತ್ತಾ ಒಂದು ಕಣಗಿಲೆಯನ್ನು ದಿಟ್ಟಿಸಿ ಕೂತೆವು. ಕೊನೆಗೆ ಮಾವನವರ ತಾಳ್ಮೆ ಬಾಡಿತು.

“ಹಂಗಾದ್ರ ಯಾರನ್ನ ಕೇಳೂಣು? ನಿನ್ನ ಅಂಕಿಗೋಳನ್ನ ಕೇಳೂಣೇನು?”

“ಕೇಳೂಣಪ್ಪಾ. ಅಂಕಿಗೆ ಗಾಳಿ ಬಡಿಯೂದಿಲ್ಲ,” ಎಂದಳು ಶಾರದೆ. “ಇವತ್ತ ನಾ ಹತ್ತರ ರಂಗೋಲಿ ಹಾಕೀನಿ. ಒಂಬತ್ತಾದ ಮ್ಯಾಲೆ ಹತ್ತು, ಆಮ್ಯಾಲೆ ಇಳಿಯೂದು. ಓದಿದ್ರ ಒಂದು ದೊಡ್ಡ ಸಂಖ್ಯಾ ಆಗ್ತದ. ಅದು ಯಾವುದಕ್ಕರ ಭಾಗ ಹೋದ್ರ ನೀ ಹೇಳಿದವನ್ನ ಲಗ್ನಾ ಮಾಡ್ಕೋತೀನಿ. ಹೋಗಲಿಲ್ಲಂದ್ರ ನನ್ನ ಎಮ್ಮೆಸ್ಸಿ ಓದಸಬೇಕು.”

ಮಾವನವರ ಮುಖ ಅರಳಿತು. “ಒಂಬತ್ತರದು ಒಡೀತದ, ಹತ್ತರದು ಒಡೀಲಾರದ ಎಲ್ಲಿ ಹೋಗ್ತದ? ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಆತು, ಮಾರುತಿ ಸಾಕ್ಷಿ!”

ಹೀಗೆ ೧೨೩೪೫೬೭೮೯೧೦೯೮೭೬೫೪೩೨೧ ಎಂಬ ಇಪ್ಪತ್ತಂಕಿಯ ಮಹಾಶಯ ನಮ್ಮ ಮನೆಗೆ ಬಂದ. ತನ್ನಿಂದ ಮತ್ತು ಒಂದರಿಂದಲ್ಲದೆ ಇನ್ಯಾವುದರಿಂದಲೂ ಭಾಗವಾಗದ್ದನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. ಇವನು ಆ ಜಾತಿಯವನೋ ಅಲ್ಲವೋ ಎನ್ನುವುದರ ಮೇಲೆ ಒಂದು ಹುಡುಗಿಯ ಬಾಳು ನಿಂತಿತು. ನಾನು ಅಡುಗೆಮನೆಯಲ್ಲಿ ಅವಳನ್ನು ಹಿಡಿದು ಕೇಳಿದೆ, “ಅದು ಭಾಗ ಹೋಗಲ್ಲ ಅಂತ ನಿನಗೆ ಗೊತ್ತಾ?”

“ಇಲ್ಲ ವೈನಿ. ಯಾರಿಗೂ ಗೊತ್ತಿರಲಿಕ್ಕಿಲ್ಲ.”

“ಹೋಗಿಬಿಟ್ರೆ?”

“ಹೋದ್ರ ಲಗ್ನಾ ಮಾಡ್ಕೋತೀನಿ. ಮಾತು ಅಂದ್ರ ಮಾತು.” ಚಪಾತಿ ಹಿಟ್ಟನ್ನು ಅವಳು ನಾದುತ್ತಿದ್ದ ರೀತಿ ನೋಡಿ ನಾನು ಪಾತ್ರೆಯನ್ನೇ ಅವಳ ಕೈಯಿಂದ ತೆಗೆದುಕೊಂಡೆ.

ಮಾರನೆಯ ದಿನದಿಂದ ಮಾವನವರ ಭಾಗಾಕಾರ ಶುರು. ಸ್ನಾನ, ಸಂಧ್ಯಾವಂದನೆ, ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ. ದಿನಕ್ಕೊಂದು ಭಾಜಕ, ಅದಕ್ಕಿಂತ ಹೆಚ್ಚಿಲ್ಲ. ಅಮಾವಾಸ್ಯೆಗೆ ರಜೆ. ಅಂಕಿಗಳನ್ನೆಲ್ಲ ಕೂಡಿದರೆ ತೊಂಬತ್ತೊಂದು, ಹಾಗಾಗಿ ಮೂರಕ್ಕೆ ಹೋಗುವಂತಿಲ್ಲ. ಕೊನೆಗೆ ಒಂದು ಇದೆ, ಎರಡಕ್ಕೂ ಐದಕ್ಕೂ ಇಲ್ಲ. “ಏಳಕ್ಕ ಐದು ಉಳೀತು!” ಎಂದು ಮುಂದಿನ ಕೋಣೆಯಿಂದ ಕೂಗಿದರು. ಶಾರದೆ ನನ್ನ ಮುಖ ನೋಡಿ ಉಸಿರು ಬಿಟ್ಟಳು. ಹನ್ನೊಂದರ ದಿನ ನನಗೂ ಒಂದು ಉಪಾಯ ಹೇಳಿಕೊಟ್ಟಳು. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಬೇಕು. ಒಂದು ಗುಂಪಿಗೆ ನಲವತ್ತೈದು ಬಂತು, ಇನ್ನೊಂದಕ್ಕೆ ನಲವತ್ತಾರು. ಎರಡೂ ಸಮವಾಗಿದ್ದರೆ ಹನ್ನೊಂದಕ್ಕೆ ಹೋಗಿ, ಅವಳೂ ಕೊಯಾಲಿಗೆ ಹೋಗುತ್ತಿದ್ದಳು. ಒಂದೇ ಒಂದರಲ್ಲಿ ಪಾರು! ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ, ನಮ್ಮಲ್ಲಿ ಆಯುಸ್ಸು ಮಾರನೆಯ ಬೆಳಗಿನವರೆಗೆ ಮಾತ್ರ.

ಇದರಲ್ಲೊಂದು ವಿಚಿತ್ರ ನಡೆಯಿತು. ಮಾವನವರಿಗೆ ಆ ಸಂಖ್ಯೆಯ ಮೇಲೆ ಮೋಹ ಹುಟ್ಟಿತು. ಹುಬ್ಬಳ್ಳಿ ಬಿಟ್ಟ ಮೇಲೆ ಅವರಿಗೆ ಬೆಳಗಾದರೆ ಮಾಡಲು ಏನೂ ಇರಲಿಲ್ಲ. “ಈ ಊರಾಗ ಬ್ಯಾಳಿಗೂ ಬೆಲ್ಲಾ ಹಾಕ್ತಾರ,” ಎಂದು ಗೊಣಗುವುದನ್ನು ಬಿಟ್ಟರೆ ಉದ್ಯೋಗವಿಲ್ಲ. ಈಗ ಅಪ್ಪ ಮಗಳು ಹಾಳೆಯ ಮೇಲೆ ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. ಶೇಷ ಯಾಕೆ ಹಾಗೆ ಬರುತ್ತದೆ, ಯಾವ ಭಾಜಕಗಳನ್ನು ನೋಡಬೇಕಿಲ್ಲ ಎಂದು ಅವಳು ವಿವರಿಸುವಾಗ ಅವರು ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದ ಚಂದವನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಂದು ದಿನ ನನ್ನ ಹತ್ತಿರ ಬಂದು, “ಕಮಲಾ, ಈ ಹುಡುಗಿ ತಲಿ ಎಲ್ಲಿಂದ ಬಂತವಾ? ನನಗಂತೂ ಇಷ್ಟು ಇಲ್ಲ,” ಎಂದರು. ನಾನು, “ಅತ್ತೆಯವರ ರಂಗೋಲಿಯಿಂದ,” ಎಂದೆ. ಅವರು ಹೋಗಿ ಅತ್ತೆಯ ಪಟದ ಗಾಜನ್ನು ಪಂಚೆಯ ಅಂಚಿನಿಂದ ಒರೆಸಿದರು.

ಹುಡುಗನ ಕಡೆಯವರು ಎಷ್ಟು ದಿನ ಕಾದಾರು? ಸಂಕ್ರಾಂತಿಗೆ ಖುದ್ದು ಬಂದು ಕೊನೆಯ ಮಾತು ಕೇಳುತ್ತೇವೆಂದು ಹೇಳಿ ಕಳಿಸಿದರು. ಅಹಮದಾಬಾದಿನಲ್ಲಿ ಸಂಕ್ರಾಂತಿ ಎಂದರೆ ಉತ್ತರಾಯಣ. ಅಂದು ಆ ಊರಿನಲ್ಲಿ ನೆಲದ ಮೇಲೆ ಜನರಿರುವುದಿಲ್ಲ, ಎಲ್ಲರೂ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿರುತ್ತಾರೆ. ಬೆಳಿಗ್ಗೆ ನಾನು ಅತಿಥಿಗಳಿಗೆಂದು ಮುಂದಿನ ಕೋಣೆ ತೊಳೆಯಲು ನಿಂತು, ಮಾವನವರನ್ನು ಹೊರಗೆ ಕೂರಿಸಿದೆ. ಅವರ ಹಳೆಯ ಹಾಳೆಗಳೆಲ್ಲ ಮಂಚದಡಿ ಸೇರಿದ್ದವು. ಅವರು ಹೊಸ ಹಾಳೆ ಹಿಡಿದು, ಬಾಗಿಲಲ್ಲಿ ಶಾರದೆ ಆಗತಾನೆ ಇಟ್ಟಿದ್ದ ಹತ್ತರ ಚುಕ್ಕಿಗಳನ್ನೇ ನೋಡುತ್ತಾ ಸಂಖ್ಯೆ ಬರೆದುಕೊಂಡು ಆ ದಿನದ ಭಾಗಾಕಾರ ಮಾಡಿದರು. ಮುಗಿದ ಮೇಲೆ ಎಂದಿನಂತೆ ಕೂಗಲಿಲ್ಲ.

“ಎಷ್ಟು ಉಳೀತು ಮಾವ?” ಎಂದೆ.

“ಚಹಾ ಕೊಡವಾ,” ಎಂದರು.

ನಾಲ್ಕು ಗಂಟೆಗೆ ಹುಡುಗನ ಅಪ್ಪ ಬಂದರು. ಹೊರಗೆ ಮಾಳಿಗೆಗಳಿಂದ ಎದುರಾಳಿಯ ಪಟ ಕಡಿದವರ “ಕಾಯ್ಪೋ ಛೇ!” ಎಂಬ ಕೂಗು, ಒಳಗೆ ನಮಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಮಾವನವರು ಎಳ್ಳುಬೆಲ್ಲದ ತಟ್ಟೆ ಮುಂದಿಟ್ಟು ಕೈ ಮುಗಿದರು. “ತಪ್ಪು ತಿಳೀಬ್ಯಾಡ್ರಿ. ನಾವು ಒಂದು ಸಂಖ್ಯಾದ ಮ್ಯಾಲೆ ಮಾತು ಇಟ್ಟೇವಿ. ಅದಿನ್ನೂ ಭಾಗ ಹೋಗಿಲ್ಲ. ನಮ್ಮ ಹುಡುಗಿ ಓದ್ತಾಳ್ರಿ.” ಆ ಹಿರಿಯರು ನಮ್ಮ ಯಜಮಾನರ ಕಡೆ ತಿರುಗಿ, ಇವರ ತಲೆ ನೆಟ್ಟಗಿದೆ ತಾನೆ ಎಂದು ಕಣ್ಣಲ್ಲೇ ವಿಚಾರಿಸಿದರು. ಎಳ್ಳುಬೆಲ್ಲವನ್ನು ಮಾತ್ರ ಬಿಡದೆ ಪೊಟ್ಟಣ ಕಟ್ಟಿಸಿಕೊಂಡು ಹೋದರು. ಆ ರಾತ್ರಿ ಮಾವನವರು ಹೋಳಿಗೆ ಮುಟ್ಟಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದರು. ಮರುದಿನದಿಂದ ಭಾಗಾಕಾರವನ್ನೂ ಬಿಟ್ಟರು. ಕಣ್ಣು ಮಂಜಾಗುತ್ತಿದೆ ಎಂದರು. ವಯಸ್ಸಾಯಿತಲ್ಲ, ನಾವು ಹೌದೆಂದುಕೊಂಡೆವು.

ಜೂನಿನಲ್ಲಿ ಶಾರದೆ ಕಾಲೇಜು ಸೇರಿದಳು. ಅವಳನ್ನು ಮೊದಲ ದಿನ ಬಿಟ್ಟುಬರಲು ಮಾವನವರೇ ಹೋದರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ತಾವೇ ಸೇರುವವರಂತೆ. ಅವಳ ಪ್ರಾಧ್ಯಾಪಕರಿಗೆ ರಂಗೋಲಿ ಸಂಖ್ಯೆಯ ಕಥೆ ಕೇಳಿ ಕುತೂಹಲವಾಯಿತು. ಇದನ್ನು ಒಂದೊಂದರಿಂದ ಭಾಗಿಸುತ್ತಾ ಕೂತರೆ ಏಳು ಜನ್ಮ ಸಾಲದು, ಭಾಗಿಸದೆಯೇ ಪರೀಕ್ಷಿಸುವ ದಾರಿಯಿದೆ ಎಂದರಂತೆ. ಎರಡನ್ನು ಎರಡರಿಂದ ಗುಣಿಸುತ್ತಾ, ಗುಣಲಬ್ಧ ನಮ್ಮ ಸಂಖ್ಯೆಯನ್ನು ಮೀರಿದಾಗಲೆಲ್ಲ ಅದನ್ನು ಕಳೆಯುತ್ತಾ, ಒಂದು ಗೊತ್ತಾದ ಹಂತಕ್ಕೆ ಹೋದಾಗ ಕೈಯಲ್ಲಿ ಒಂದೇ ಉಳಿಯಬೇಕು. ಉಳಿಯದಿದ್ದರೆ ಅದು ಅವಿಭಾಜ್ಯವಲ್ಲವೆಂದು ಖಂಡಿತ. ಉಳಿದರೆ ಇನ್ನಷ್ಟು ಪರೀಕ್ಷೆ ಮಾಡಿ ಖಚಿತಪಡಿಸಬೇಕು. ಶಾರದೆ ಇದನ್ನು ನನಗೆ ಎರಡು ಸಲ ವಿವರಿಸಿದಳು, ನಾನು ಎರಡು ಸಲವೂ ಹುಳಿಗೆ ಉಪ್ಪು ಹಾಕುವುದನ್ನು ಮರೆತೆ. ಮುಂಬಯಿಯಲ್ಲಿ ಎಲೆಕ್ಟ್ರಾನಿಕ್ ಗಣಕದ ಬಳಿ ಕೆಲಸ ಮಾಡುತ್ತಿದ್ದ ಸ್ನೇಹಿತರೊಬ್ಬರಿಗೆ ಪ್ರಾಧ್ಯಾಪಕರು ಸಂಖ್ಯೆ ಕೊಟ್ಟು ಬಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಶಾರದೆ ಮೆಟ್ಟಿಲುಗಳನ್ನು ದಡದಡ ಹತ್ತಿ ಬಂದಳು. ಮಾವನವರು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು.

“ಅಪ್ಪಾ, ಮುಂಬಯಿಯಿಂದ ಉತ್ತರಾ ಬಂತು! ಭಾಗ ಹೋಗೂದಿಲ್ಲ. ಯಾವುದಕ್ಕೂ ಹೋಗೂದಿಲ್ಲ. ನಮ್ಮ ಸಂಖ್ಯಾ ಅವಿಭಾಜ್ಯ!”

ನಾನು ಕುಣಿಯುವುದೊಂದು ಬಾಕಿ. ಮಾವನವರು ಮಾತ್ರ ಮೊರ ಕೆಳಗಿಟ್ಟು ಹುಬ್ಬು ಗಂಟಿಕ್ಕಿದರು.

“ಸಾಧ್ಯ ಇಲ್ಲ. ಆ ಮಷೀನು ರಿಪೇರಿ ಮಾಡಸಂತ ಹೇಳು. ಅದು ಇನ್ನೂರಾ ಎಪ್ಪತ್ತೊಂದಕ್ಕ ಹೋಗ್ತದ.”

“ಯಾರ್ ಹೇಳಿದ್ರು?”

“ಯಾರ್ ಯಾಕ ಹೇಳಬೇಕು? ನಾನ ಭಾಗಿಸೀನಿ. ಎರಡು ಸರತೆ ತಾಳೆ ನೋಡೀನಿ.”

ಶಾರದೆ ಅಲ್ಲೇ ನೆಲದ ಮೇಲೆ ಕೂತು ಭಾಗಿಸಿದಳು. ಇನ್ನೂರ ಅರವತ್ತೊಂದು ಉಳಿಯಿತು. ಹಾಳೆಯನ್ನು ಅಪ್ಪನ ಮುಂದೆ ಹಿಡಿದಳು. ಲೆಕ್ಕದ ಮನುಷ್ಯನಿಗೆ ಲೆಕ್ಕ ತಪ್ಪೆಂದರೆ ಕೇಳಬೇಕೆ, ಮುದುಕರ ಮೂಗು ಕೆಂಪಾಯಿತು. ಪೆನ್ಸಿಲ್ ಕಸಿದುಕೊಂಡು, ತಾವು ಸಂಖ್ಯೆ ಬರೆದ ಬಗೆಯನ್ನು ಬಲಗಡೆಯಿಂದ ಬರೆದು ತೋರಿಸತೊಡಗಿದರು. ರಂಗೋಲಿಯ ಒಂದು ಸಾಲಿಗೆ ಅಂಕಿಯ ಒಂದು ಮನೆ. ಒಂದು, ಎರಡು, ಮೂರು ಎಂದು ಒಂಬತ್ತರವರೆಗೆ ಬಂದು, ನಡುವಿನ ಹತ್ತರ ಸಾಲಿಗೆ ಸೊನ್ನೆ ಇಟ್ಟು ಒಂದನ್ನು ಮುಂದಿನ ಮನೆಗೆ ಸೇರಿಸಿದರು. ಅಲ್ಲಿದ್ದ ಒಂಬತ್ತು ಹತ್ತಾಯಿತು, ಅಲ್ಲೂ ಸೊನ್ನೆ. ಎಂಟು ಒಂಬತ್ತಾಯಿತು.

“ಅಯ್ಯ ಅಪ್ಪಾ, ಹತ್ತನ್ನ ಹತ್ತಂತ ಬರೀಬೇಕು. ನೀ ಕೈಯಾಗ ಒಂದು ಹಿಡದಿ!”

“ಮೂವತ್ತು ವರ್ಷ ಲೆಕ್ಕಾ ಬರದೀನಿ. ಒಂದು ಮನ್ಯಾಗ ಹತ್ತು ಬಂದ್ರ ಸೊನ್ನಿ ಇಟ್ಟು ಕೈಯಾಗ ಒಂದು ಹಿಡೀಲಾರದ ಮತ್ತೇನ್ ಮಾಡಬೇಕು?”

ಶಾರದೆ ನಕ್ಕು ನಕ್ಕು ಗೋಡೆಗೆ ಒರಗಿದಳು. ಆ ಒಂದು ಸಲ ಅವರು ಭಾಗಿಸಿದ್ದು ನಮ್ಮ ಸಂಖ್ಯೆಯನ್ನೇ ಅಲ್ಲ, ಹತ್ತು ಒಂದುಗಳನ್ನು ಸಾಲಾಗಿ ಬರೆದ ಸಂಖ್ಯೆಯ ವರ್ಗವನ್ನು. ಅದು ಹನ್ನೊಂದಕ್ಕೂ ಹೋಗುತ್ತದೆ, ನಲವತ್ತೊಂದಕ್ಕೂ ಹೋಗುತ್ತದೆ, ಇನ್ನೂರ ಎಪ್ಪತ್ತೊಂದಕ್ಕೂ ಹೋಗುತ್ತದೆ. ನಾನೂ ನಕ್ಕೆ. ನಗುತ್ತಲೇ ಶಾರದೆ ಕೇಳಿದಳು, “ಯಾವಾಗ ಮಾಡಿದ್ದಿ ಈ ಘನಂದಾರಿ ಲೆಕ್ಕಾ?”

“ಸಂಕ್ರಾಂತಿ ದಿನ ಮುಂಜಾನೆ,” ಎಂದುಬಿಟ್ಟರು ಮಾವನವರು. ಎಂದವರೇ ನಾಲಿಗೆ ಕಚ್ಚಿಕೊಂಡರು.

ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಸಂಕ್ರಾಂತಿಯ ಬೆಳಿಗ್ಗೆ ಅವರ ಲೆಕ್ಕದಲ್ಲಿ ಸಂಖ್ಯೆ ಭಾಗ ಹೋಗಿತ್ತು. ಪಂತ ಗೆದ್ದಿದ್ದರು. ಹೆಂಡತಿಗೆ ಕೊಟ್ಟ ಮಾತು ಕೈಗೆ ಬಂದಿತ್ತು. ಅದೇ ಸಂಜೆ, ಒಂದೂ ಸುಳ್ಳು ಜಮಾಖರ್ಚು ಬರೆಯದ ಮನುಷ್ಯ, ಹಬ್ಬದ ದಿನ, ಬೀಗರಾಗಬೇಕಿದ್ದವರೆದುರು ಕೈ ಮುಗಿದು ‘ಇನ್ನೂ ಭಾಗ ಹೋಗಿಲ್ಲ’ ಎಂದಿದ್ದರು. ಒಂಬತ್ತು ತಿಂಗಳು ಆ ಸುಳ್ಳನ್ನು ಒಬ್ಬರೇ ಹೊತ್ತುಕೊಂಡು ಓಡಾಡಿದ್ದರು. ಅವರ ಎದುರು ಗಟ್ಟಿಯಾಗಿ ಅಳುವ ಸಲಿಗೆ ನನಗಿರಲಿಲ್ಲ, ಇದ್ದಿದ್ದರೆ ಅತ್ತುಬಿಡುತ್ತಿದ್ದೆ.

ಶಾರದೆ ಎದ್ದು ಅಪ್ಪನ ಹತ್ತಿರ ಹೋದಳು. “ಭಾಗ ಹೋಗಿತ್ತಂದ್ರ, ಅವತ್ತ ಯಾಕ ಹೇಳಲಿಲ್ಲಪ್ಪಾ?”

ಮಾವನವರು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಬೇಳೆಯಲ್ಲಿ ಇಲ್ಲದ ಕಲ್ಲನ್ನು ಹುಡುಕಿದರು.

“ಹೇಳಿದ್ರ ನೀ ಹೂಂ ಅಂದಬಿಡ್ತಿದ್ದಿ, ಶಾರೀ,” ಎಂದರು.